ಮನೆ ತಮ್ಮದು, ನೆಲ ಪರರದು

ಮನೆಯ ಒಡೆತನವೆಂದರೆ ಗೋಡೆ, ಛಾವಣಿ, ಬಾಗಿಲುಗಳ ಒಡೆತನವೇ ಅಥವಾ ಅವು ನಿಂತಿರುವ ನೆಲದ ಒಡೆತನವೇ ಎಂಬ ಪ್ರಶ್ನೆ ಸಾಮಾನ್ಯ ಗೃಹಸ್ಥನಿಗೆ ಎದುರಾಗುವುದಿಲ್ಲ. ಎರಡೂ ಒಂದೇ ಕ್ರಯಪತ್ರದಲ್ಲಿ ಸೇರಿ ಬರುವುದರಿಂದ ಅವನ್ನು ಬೇರ್ಪಡಿಸಿ ಯೋಚಿಸುವ ಪ್ರಸಂಗವೇ ಒದಗದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಲಕ್ಷಾಂತರ ಕುಟುಂಬಗಳು ಈ ಎರಡರ ನಡುವಿನ ಅಂತರದಲ್ಲೇ ಬಾಳುತ್ತಿವೆ. ಅಲ್ಲಿ ಸುಮಾರು 2 ಕೋಟಿ ಜನರು ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದ ಮನೆಗಳಲ್ಲಿ ವಾಸಿಸುತ್ತಾರೆ. ಅವರಲ್ಲಿ ಕೆಲವರಿಗೆ ನೆಲವೂ ಸ್ವಂತದ್ದು. ಉಳಿದವರಿಗೆ ಮನೆ ಮಾತ್ರ ತಮ್ಮದು, ಅದು ಕುಳಿತ ಜಾಗ ಬೇರೊಬ್ಬನದು. ಆ ಜಾಗಕ್ಕೆ ಪ್ರತಿ ತಿಂಗಳೂ ನೆಲಬಾಡಿಗೆ ತೆರಬೇಕು. ಇಂತಹ ಹತ್ತಾರು, ಕೆಲವೆಡೆ ನೂರಾರು ಮನೆಗಳ ಬಡಾವಣೆಗೆ ಅಲ್ಲಿನವರು 'ಮೊಬೈಲ್ ಹೋಮ್ ಪಾರ್ಕ್' ಎನ್ನುತ್ತಾರೆ. ಪಾರ್ಕ್ ಎಂದ ಮಾತ್ರಕ್ಕೆ ಅದು ಉದ್ಯಾನವಲ್ಲ. ಮೊಬೈಲ್ ಎಂದ ಮಾತ್ರಕ್ಕೆ ಆ ಮನೆ ಚಲಿಸುವುದೂ ಇಲ್ಲ. ಈ ಎರಡು ತಪ್ಪು ಹೆಸರುಗಳ ನಡುವೆ ಸಿಲುಕಿದ ಜನರು ತಮ್ಮ ಕಾಲ ಕೆಳಗಿನ ನೆಲವನ್ನು ತಾವೇ ಕೊಂಡುಕೊಂಡ ಬಗೆ ನಲವತ್ತು ವರ್ಷಗಳ ಇತಿಹಾಸವುಳ್ಳದ್ದು.

ಈ ಮನೆಗಳ ಮೂಲ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪ್ರವಾಸಿ ಬಂಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಬಂದ ಕಾರ್ಮಿಕರನ್ನು ಇರಿಸಲು ಮನೆಗಳು ಸಾಲದೆ ಅಲ್ಲಿನ ಸರ್ಕಾರವು ಹತ್ತಾರು ಸಾವಿರ ಬಂಡಿಗಳನ್ನು ಖರೀದಿಸಿತು. ಯುದ್ಧ ಮುಗಿಯಿತು, ಮನೆಗಳ ಅಭಾವ ಮುಗಿಯಲಿಲ್ಲ. ರಸ್ತೆಯ ನಿಯಮಕ್ಕೆ ಅನುಗುಣವಾಗಿ 8 ಅಡಿ ಅಗಲವಿದ್ದ ಬಂಡಿ 1950ರ ದಶಕದ ಮಧ್ಯಭಾಗದಲ್ಲಿ 10 ಅಡಿಯಾಯಿತು, ಅನಂತರ 12 ಮತ್ತು 14 ಅಡಿಯಾಯಿತು. ಅಗಲ ಹೆಚ್ಚಿದಷ್ಟೂ ಅದು ಬಂಡಿಯ ಗುಣ ಕಳೆದುಕೊಂಡು ಮನೆಯ ಗುಣ ಪಡೆಯಿತು. 1974ರಲ್ಲಿ ಅಮೆರಿಕದ ಸಂಸತ್ತು ಇವುಗಳ ನಿರ್ಮಾಣಕ್ಕೆ ರಾಷ್ಟ್ರವ್ಯಾಪಿ ಕಾಯಿದೆ ಮಾಡಿತು. ಅದರ ಮಾನದಂಡಗಳು 1976ರ ಜೂನ್‌ನಿಂದ ಜಾರಿಗೆ ಬಂದವು. 1980ರಲ್ಲಿ ಕಾಯಿದೆಯ ಭಾಷೆಯಲ್ಲಿ 'ಚಲಿಸುವ ಮನೆ' ಎಂಬ ಪದವನ್ನು ತೆಗೆದು 'ತಯಾರಿಸಿದ ಮನೆ' ಎಂದು ಬರೆಯಲಾಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿದೆ.

ಹೆಸರಿನ ಈ ಗೊಂದಲ ಬರಿಯ ಶಬ್ದದ ವಿಚಾರವಾಗಿರಲಿಲ್ಲ. ಅನೇಕ ರಾಜ್ಯಗಳಲ್ಲಿ ಇಂತಹ ಮನೆಯ ಹಕ್ಕುಪತ್ರವನ್ನು ಮೋಟಾರು ವಾಹನದ ಹಕ್ಕುಪತ್ರದಂತೆಯೇ ಕೊಡುವ ಪದ್ಧತಿ ಬೆಳೆಯಿತು. ವಾಹನವೆಂದ ಮೇಲೆ ಅದು ಚರಾಸ್ತಿ. ಚರಾಸ್ತಿಯ ಮೇಲಿನ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ. ಸ್ಥಿರಾಸ್ತಿಯ ಅಡಮಾನ ಸಾಲ ಪಡೆದವನಿಗೆ ದೊರೆಯುವ ಕಾನೂನಿನ ರಕ್ಷಣೆಗಳಲ್ಲಿ ಕೆಲವು ಈ ಮನೆಯವನಿಗೆ ದೊರೆಯುತ್ತಿರಲಿಲ್ಲ. ಇತ್ತ ನಗರಸಭೆಗಳು ಇಂತಹ ಬಡಾವಣೆಗಳನ್ನು ಊರಿನ ಅಂಚಿಗೆ, ಹೆದ್ದಾರಿಯ ಪಕ್ಕಕ್ಕೆ, ನೆರೆನೀರು ನುಗ್ಗುವ ತಗ್ಗಿಗೆ ತಳ್ಳಿದವು. ಹೊಸ ಬಡಾವಣೆಗಳಿಗೆ ಅನುಮತಿ ದೊರೆಯುವುದು ಕಷ್ಟವಾಯಿತು. ಪೈಪೋಟಿ ಇಲ್ಲದ ವ್ಯಾಪಾರದಲ್ಲಿ ದರ ಯಾರ ಕೈಯಲ್ಲಿರುತ್ತದೆ ಎಂಬುದನ್ನು ವ್ಯಾಪಾರಸ್ಥ ಓದುಗರಿಗೆ ವಿವರಿಸಬೇಕಾಗಿಲ್ಲ.

ನೆಲಬಾಡಿಗೆ ಹೆಚ್ಚಾದರೆ ಮನೆಯನ್ನು ಎತ್ತಿಕೊಂಡು ಬೇರೆಡೆಗೆ ಹೋಗಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಹೋಗಲಾಗದು. ಒಂದು ಮನೆಯನ್ನು ಕಿತ್ತು, ಸಾಗಿಸಿ, ಮತ್ತೊಂದು ಜಾಗದಲ್ಲಿ ಕೂರಿಸಿ, ನೀರು ಮತ್ತು ವಿದ್ಯುತ್ತಿನ ಸಂಪರ್ಕ ಕೊಡಿಸಲು ಸಾವಿರಾರು ಡಾಲರ್ ಬೇಕು. ಹಳೆಯ ಮನೆಗಳು ಸಾಗಾಣಿಕೆಯನ್ನು ತಾಳಿಕೊಳ್ಳುವುದಿಲ್ಲ. ತಾಳಿದರೂ ಹಳೆಯ ಮನೆಯನ್ನು ಸೇರಿಸಿಕೊಳ್ಳುವ ಬಡಾವಣೆ ದೊರೆಯಬೇಕು. ಆದ್ದರಿಂದ ನಿವಾಸಿಯ ಮುಂದೆ ಉಳಿಯುವ ದಾರಿಗಳು ಎರಡೇ: ಕೇಳಿದಷ್ಟು ಬಾಡಿಗೆ ಕೊಡುವುದು, ಇಲ್ಲವೇ ಮನೆಯನ್ನು ಬಿಟ್ಟುಹೋಗುವುದು. ಬಿಟ್ಟುಹೋದ ಮನೆ ಹಲವು ವೇಳೆ ನೆಲದ ಮಾಲೀಕನ ವಶವಾಗಿ ಬೇರೊಬ್ಬರಿಗೆ ಬಾಡಿಗೆಗೆ ಹೋಗುತ್ತದೆ. ಬಾಡಿಗೆ ಏರಿದಂತೆ ಮನೆಯ ಮಾರುಕಟ್ಟೆ ಬೆಲೆ ಇಳಿಯುತ್ತದೆ ಎಂಬುದು ಇಲ್ಲಿನ ಮತ್ತೊಂದು ಸೂಕ್ಷ್ಮ. ಕೊಳ್ಳಲು ಬರುವವನು ಮನೆಯ ಬೆಲೆ ಮತ್ತು ತಿಂಗಳ ನೆಲಬಾಡಿಗೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾನೆ. ಹೀಗೆ ಮನೆಯವನು ವರ್ಷಗಟ್ಟಲೆ ಕಂತು ಕಟ್ಟಿ ಗಳಿಸಿದ್ದು ಸದ್ದಿಲ್ಲದೆ ನೆಲದವನ ಖಾತೆಗೆ ಜಮೆಯಾಗುತ್ತದೆ.

ಬಹುಕಾಲ ಈ ಬಡಾವಣೆಗಳು ಸಣ್ಣ ಕುಟುಂಬಗಳ ಒಡೆತನದಲ್ಲಿದ್ದವು. ಮಾಲೀಕನೂ ಅಲ್ಲಿಯೇ ಒಂದು ಮನೆಯಲ್ಲಿರುತ್ತಿದ್ದುದುಂಟು. ಅವನಿಗೂ ನಿವಾಸಿಗಳಿಗೂ ಮುಖಪರಿಚಯವಿರುತ್ತಿತ್ತು. ಆ ಪೀಳಿಗೆಗೆ ವಯಸ್ಸಾಗಿ ಆಸ್ತಿ ಮಾರಾಟಕ್ಕೆ ಬಂದಾಗ ದೊಡ್ಡ ಬಂಡವಾಳದ ಕಣ್ಣು ಇತ್ತ ಬಿತ್ತು. 1993ರಲ್ಲಿ ಸ್ಯಾಮ್ ಝೆಲ್ ಎಂಬ ಪ್ರಸಿದ್ಧ ಹೂಡಿಕೆದಾರರ ಕಂಪನಿ ಇಂತಹ ಬಡಾವಣೆಗಳ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. 2016ರಲ್ಲಿ ಸಿಂಗಾಪುರ ಸರ್ಕಾರದ ಹೂಡಿಕೆ ಸಂಸ್ಥೆಯಾದ ಜಿಐಸಿ ಮತ್ತೊಂದು ದೊಡ್ಡ ಬಡಾವಣೆ ಕಂಪನಿಯ ಬಹುಪಾಲನ್ನು ಕೊಂಡಿತು. ಬಾಡಿಗೆದಾರನು ಬಿಟ್ಟುಹೋಗಲಾರ ಎಂಬ ಸಂಗತಿಯೇ ಈ ವ್ಯವಹಾರದಲ್ಲಿ ಹೂಡಿಕೆಯ ಭದ್ರತೆಯಾಗಿ ಪರಿಗಣಿತವಾಯಿತು. ಲಾಭ ಗಳಿಸುವುದು ದೋಷವಲ್ಲ. ಆದರೆ ಎದುರಿನವನ ನಿರುಪಾಯವನ್ನೇ ಲಾಭದ ಆಧಾರವಾಗಿ ಲೆಕ್ಕಪತ್ರದಲ್ಲಿ ಬರೆದುಕೊಳ್ಳುವುದು ಬೇರೆ ಜಾತಿಯ ವ್ಯಾಪಾರ.

ದೊಡ್ಡ ಬಂಡವಾಳ ಬರುವುದಕ್ಕೆ ಮೊದಲೇ ಇದಕ್ಕೊಂದು ಉತ್ತರ ಮೊಳೆತಿತ್ತು. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಹ್ಯಾಂಪ್‌ಷೈರ್ ಚಿಕ್ಕ ರಾಜ್ಯ. ಅಲ್ಲಿ 1983ರಲ್ಲಿ 'ನ್ಯೂ ಹ್ಯಾಂಪ್‌ಷೈರ್ ಕಮ್ಯೂನಿಟಿ ಲೋನ್ ಫಂಡ್' ಎಂಬ ಲಾಭರಹಿತ ಸಾಲನಿಧಿಯೊಂದು ಸ್ಥಾಪನೆಯಾಯಿತು. ಜೂಲಿಯಾನಾ ಈಡ್ಸ್ ಅದರ ಮುಖ್ಯಸ್ಥೆಯಾಗಿ ದೀರ್ಘಕಾಲ ದುಡಿದರು. ಮರುವರ್ಷ, 1984ರಲ್ಲಿ, ಸರೋವರಗಳ ಸೀಮೆಯ ಮೆರೆಡಿತ್ ಎಂಬ ಊರಿನಲ್ಲಿ 13 ಕುಟುಂಬಗಳ ಪುಟ್ಟ ಬಡಾವಣೆ ಮಾರಾಟಕ್ಕೆ ಬಂದಿತು. ಆ ಕುಟುಂಬಗಳು ಸಹಕಾರ ಸಂಘವೊಂದನ್ನು ಕಟ್ಟಿಕೊಂಡು ನಿಧಿಯಿಂದ ಸಾಲ ಪಡೆದು ನೆಲವನ್ನು ಖರೀದಿಸಿದವು. ಆ ರಾಜ್ಯದಲ್ಲಿ ನಿವಾಸಿಗಳೇ ಒಡೆಯರಾದ ಮೊದಲ ಬಡಾವಣೆ ಅದು. ಹದಿಮೂರು ಮನೆಗಳ ವ್ಯವಹಾರವೆಂದರೆ ಸಾಮಾನ್ಯ ಬ್ಯಾಂಕಿನ ದೃಷ್ಟಿಯಲ್ಲಿ ತಲೆ ಎತ್ತಿ ನೋಡುವಷ್ಟು ದೊಡ್ಡದಲ್ಲ. ಸಾಲ ಕೇಳುವವರೋ ಅಲ್ಪ ಆದಾಯದವರು. ಸಂಘವೋ ನಿನ್ನೆ ಹುಟ್ಟಿದ್ದು, ಹಿಂದಿನ ಲೆಕ್ಕಪತ್ರವಿಲ್ಲದ್ದು. ಇಂತಹವರಿಗೆ ಸಾಲ ಕೊಟ್ಟ ನಿಧಿಯೂ ಒಂದು ವರ್ಷದ ಕೂಸು.

ಆ ಕಾಲದಲ್ಲಿ ಇಂತಹ ನಿಧಿಗಳಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ಧರ್ಮಸಂಸ್ಥೆಗಳ ಆಡಳಿತ ನೋಡುವವರು ಗಮನಿಸಬೇಕಾದ ವಿಷಯ. 1980ರ ದಶಕದಲ್ಲಿ ಅಮೆರಿಕದ ಸಮುದಾಯ ಸಾಲನಿಧಿಗಳಿಗೆ ಮೊದಲ ಮೊತ್ತ ಕೊಟ್ಟವರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘಗಳು ಪ್ರಮುಖವಾದವು. ಅವು ಕೊಟ್ಟದ್ದು ಬಹುಪಾಲು ದಾನವಲ್ಲ, ಸಾಲ. ವೃದ್ಧ ಸನ್ಯಾಸಿನಿಯರ ಪೋಷಣೆಗಾಗಿ ತೆಗೆದಿಟ್ಟ ಹಣದ ಒಂದು ಭಾಗವನ್ನು ನಿಯಮಿತ ಅವಧಿಗೆ, ಕಡಿಮೆ ಬಡ್ಡಿಗೆ ಇಂತಹ ನಿಧಿಗಳಲ್ಲಿ ತೊಡಗಿಸುವ ಪದ್ಧತಿ ಅವರಲ್ಲಿ ಬೆಳೆಯಿತು. ದಾನವಾದರೆ ಕೊಟ್ಟವನ ಹೊಣೆ ಅಲ್ಲಿಗೆ ತೀರುತ್ತದೆ. ಸಾಲವಾದರೆ ಕೊಟ್ಟವನು ಮರುಪಾವತಿಯವರೆಗೂ ಎಚ್ಚರದಿಂದಿರಬೇಕು, ಪಡೆದವನು ಲೆಕ್ಕ ಇಡಬೇಕು, ನಡುವಿನ ನಿಧಿ ಇಬ್ಬರಿಗೂ ಉತ್ತರ ಹೇಳಬೇಕು. ಮರಳಿ ಬಂದ ಹಣ ಮತ್ತೊಂದು ಬಡಾವಣೆಗೆ ಹೋಗಬಲ್ಲದು. ಇಡೀ ವ್ಯವಸ್ಥೆಗೆ ಶಿಸ್ತು ಬಂದುದು ಈ ಕಾರಣದಿಂದ.

ಈ ಸಾಲನಿಧಿಗಳ ವಂಶಾವಳಿಯನ್ನು ಹಿಂಬಾಲಿಸಿದರೆ ಅದರ ಒಂದು ಬೇರು ಭಾರತಕ್ಕೆ ಬರುತ್ತದೆ. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರು ಆರಂಭಿಸಿದ ಭೂದಾನವು ಮರುವರ್ಷವೇ ಗ್ರಾಮದಾನದ ರೂಪ ತಳೆಯಿತು. ಗ್ರಾಮದಾನದ ಹಳ್ಳಿಯಲ್ಲಿ ಭೂಮಿಯ ಒಡೆತನ ಗ್ರಾಮಸಭೆಯದು, ಉಳುವ ಹಕ್ಕು ಕುಟುಂಬದ್ದು, ಹೊರಗಿನವರಿಗೆ ಮಾರುವ ಹಕ್ಕು ಯಾರಿಗೂ ಇಲ್ಲ. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಸಮೀಪದ ಇಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆದು, ಪ್ರಧಾನಿ ನೆಹರೂ ಅವರೂ ನಾನಾ ಪಕ್ಷಗಳ ನಾಯಕರೂ ಅದರಲ್ಲಿ ಭಾಗವಹಿಸಿದುದು ಹಿರಿಯ ಓದುಗರ ನೆನಪಿನಲ್ಲಿರಬಹುದು. ಈ ಆಂದೋಲನವನ್ನು ದೂರದಿಂದ ಗಮನಿಸುತ್ತಿದ್ದವರಲ್ಲಿ ರಾಲ್ಫ್ ಬೋರ್ಸೊಡಿ ಮತ್ತು ರಾಬರ್ಟ್ ಸ್ವಾನ್ ಎಂಬ ಇಬ್ಬರು ಅಮೆರಿಕನ್ನರಿದ್ದರು. ಬೋರ್ಸೊಡಿ ಭಾರತದಲ್ಲಿ ಕೆಲಕಾಲ ನೆಲೆಸಿ ಸರ್ವೋದಯದ ವಿಚಾರಗಳನ್ನು ಹತ್ತಿರದಿಂದ ಅರಿತವರು. ಸ್ವಾನ್ ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ ಸೆರೆಮನೆ ಕಂಡ ಅಹಿಂಸಾವಾದಿ. ಹಳ್ಳಿಗರಿಗೆ ನೆಲ ದೊರೆತರೂ ಸಾಲ ದೊರೆಯದಿದ್ದರೆ ಫಲವಿಲ್ಲವೆಂದು ಕಂಡುಕೊಂಡ ಇವರು 1967ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಮುಂದೆ ಅದು 'ಇನ್‌ಸ್ಟಿಟ್ಯೂಟ್ ಫಾರ್ ಕಮ್ಯೂನಿಟಿ ಎಕನಾಮಿಕ್ಸ್' ಎಂಬ ಹೆಸರು ಪಡೆದು, 1979ರಲ್ಲಿ ತನ್ನದೇ ಸಾಲನಿಧಿಯನ್ನು ತೆರೆದು, ಬೇರೆ ಬೇರೆ ಊರುಗಳಲ್ಲಿ ಅಂತಹ ನಿಧಿಗಳು ಹುಟ್ಟಲು ನೆರವಾಯಿತು. ನ್ಯೂ ಹ್ಯಾಂಪ್‌ಷೈರ್‌ನ ನಿಧಿ ಆ ಅಲೆಯಲ್ಲಿಯೇ ಬಂದುದು. ವಿನೋಬಾರ ವಿಚಾರ ನೇರವಾಗಿ ಮೆರೆಡಿತ್‌ಗೆ ಹೋಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆ ಪರಂಪರೆಯಲ್ಲಿ ಇಸ್ರೇಲಿನ ಗೇಣಿಭೂಮಿಯ ಮಾದರಿಯೂ ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವೂ ಸೇರಿವೆ.

ಅದೇ ಸ್ವಾನ್ ಅವರ ನೆರವಿನಿಂದ ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ರೈತರು 1969ರಲ್ಲಿ 'ನ್ಯೂ ಕಮ್ಯೂನಿಟೀಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿ 5,000 ಎಕರೆಗೂ ಹೆಚ್ಚು ಭೂಮಿಯನ್ನು ಸಮುದಾಯದ ಹೆಸರಿನಲ್ಲಿ ಕೊಂಡಿದ್ದರು. ಬರ ಬಂದಾಗ ಸರ್ಕಾರಿ ಕೃಷಿ ಸಾಲ ಬಿಳಿಯ ರೈತರಿಗೆ ದೊರೆತಂತೆ ಅವರಿಗೆ ದೊರೆಯದೆ, 1985ರಲ್ಲಿ ಆ ಭೂಮಿಯೆಲ್ಲ ಸಾಲಕ್ಕೆ ಹೋಯಿತು. ಅದರ ಪರಿಹಾರ ಬಂದುದು 2009ರಲ್ಲಿ. ಮೆರೆಡಿತ್‌ನ ಖರೀದಿಗೂ ಜಾರ್ಜಿಯಾದ ನಷ್ಟಕ್ಕೂ ನಡುವೆ ಒಂದೇ ವರ್ಷದ ಅಂತರ. ನೆಲವನ್ನು ಕೂಡಿ ಕೊಂಡರೆ ಸಾಲದು, ಕಷ್ಟಕಾಲದಲ್ಲಿ ನ್ಯಾಯವಾದ ದರಕ್ಕೆ ಸಾಲ ಕೊಡುವವರು ಬೆನ್ನ ಹಿಂದೆ ಇರಬೇಕು ಎಂಬುದನ್ನು ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಸಂಘದ ರಚನೆ ಕನ್ನಡ ನಾಡಿನ ಓದುಗರಿಗೆ ಅಪರಿಚಿತವಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ನಾಡಿದು. ಬಡಾವಣೆಯ ಪ್ರತಿ ಮನೆಗೆ ಒಂದು ಸದಸ್ಯತ್ವ, ಒಂದು ಮತ. ಸದಸ್ಯರೇ ತಮ್ಮಲ್ಲಿ ಕೆಲವರನ್ನು ಆಡಳಿತ ಮಂಡಳಿಗೆ ಆರಿಸುತ್ತಾರೆ. ವಾರ್ಷಿಕ ಆಯವ್ಯಯಕ್ಕೂ ನೆಲಬಾಡಿಗೆಯ ಬದಲಾವಣೆಗೂ ಸದಸ್ಯರ ಒಪ್ಪಿಗೆ ಬೇಕು. ನೆಲದ ಒಡೆತನ ಸಂಘದ್ದು, ಮನೆಯ ಒಡೆತನ ಹಿಂದಿನಂತೆ ಕುಟುಂಬದ್ದು. ಸಂಘಕ್ಕೆ ಸೇರಲು ಒಪ್ಪದವರನ್ನು ಹೊರಹಾಕುವುದಿಲ್ಲ. ಅವರು ಬಾಡಿಗೆದಾರರಾಗಿಯೇ ಮುಂದುವರಿಯಬಹುದು. ಖರೀದಿಯ ಹಣದ ಬಹುಪಾಲು ಸಾಲದಿಂದಲೇ ಬರುತ್ತದೆ. ಮುಖ್ಯ ಸಾಲ ಒಂದು ಬ್ಯಾಂಕಿನದು ಅಥವಾ ನಿಧಿಯದು, ಅದು ಸಾಲದಿದ್ದ ಪಾಲಿಗೆ ಎರಡನೆಯ ಸಾಲ. ಮರುಪಾವತಿ ತಿಂಗಳ ನೆಲಬಾಡಿಗೆಯಿಂದ. ಸಾಲ ಕೊಟ್ಟವರು ಕೊಟ್ಟು ಸುಮ್ಮನಾಗದೆ ಆಡಳಿತ ಮಂಡಳಿಗೆ ಸಭೆ ನಡೆಸುವುದು, ಲೆಕ್ಕ ಓದುವುದು, ಗುತ್ತಿಗೆದಾರನಿಂದ ದರಪಟ್ಟಿ ಪಡೆಯುವುದು ಮೊದಲಾದವನ್ನು ವರ್ಷಗಟ್ಟಲೆ ಕಲಿಸುತ್ತಾರೆ.

ವ್ಯವಹಾರ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. 50 ಮನೆಗಳ ಬಡಾವಣೆಯ ಬೆಲೆ 20 ಲಕ್ಷ ಡಾಲರ್ ಎಂದುಕೊಳ್ಳೋಣ. ಪೂರ್ತಿ ಮೊತ್ತವನ್ನು ಶೇ. 6ರ ಬಡ್ಡಿಗೆ 30 ವರ್ಷಗಳ ಕಂತಿನಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 12,000 ಡಾಲರ್. ಪ್ರತಿ ಮನೆಯ ಪಾಲು 240. ತೆರಿಗೆ, ವಿಮೆ, ನೀರು, ರಸ್ತೆ, ಹಿಮ ತೆಗೆಯುವ ಖರ್ಚು, ದುರಸ್ತಿಯ ಮೀಸಲು ನಿಧಿ ಇವಕ್ಕೆಲ್ಲ ಮನೆಯೊಂದಕ್ಕೆ 160 ಎಂದರೆ ನೆಲಬಾಡಿಗೆ 400 ಡಾಲರ್ ಆಗುತ್ತದೆ. ಹಿಂದಿನ ಮಾಲೀಕನಿಗೆ 375 ಕೊಡುತ್ತಿದ್ದವರಿಗೆ ಮೊದಲ ವರ್ಷ 25 ಡಾಲರ್ ಹೆಚ್ಚಾಯಿತು. ಕೆಲವರಿಗೆ ಇದು ಆಶ್ಚರ್ಯ ತಂದೀತು. ಒಡೆಯರಾದ ಮೇಲೂ ಬಾಡಿಗೆ ಏರುವುದೇ? ಮೊದಲಿಗೆ ಏರಬಹುದು. ಆದರೆ ಅನಂತರದ ಲೆಕ್ಕ ಬೇರೆ. ದರ ಬದಲಾಗದ ಸಾಲದಲ್ಲಿ 240ರ ಭಾಗ ವರ್ಷದಿಂದ ವರ್ಷಕ್ಕೆ ಅಷ್ಟೇ ಇರುತ್ತದೆ. ಏರುವುದು 160ರ ಭಾಗ ಮಾತ್ರ, ಅದೂ ನಿಜವಾದ ಖರ್ಚು ಏರಿದಷ್ಟು. ಹೊರಗಿನ ಮಾಲೀಕನ ಕೈಯಲ್ಲಿ ಏರುವುದು ಪೂರ್ತಿ 400. ಹತ್ತು ವರ್ಷಗಳ ಕೊನೆಗೆ ಎರಡರ ನಡುವಿನ ಅಂತರ ಎಷ್ಟಾದೀತೆಂದು ಓದುಗರೇ ಗುಣಿಸಿ ನೋಡಬಹುದು. ಇದೇ ಬಡಾವಣೆಯ ಬೆಲೆ 40 ಲಕ್ಷವಾಗಿದ್ದರೆ ಮನೆಯೊಂದರ ಕಂತು 480, ನೆಲಬಾಡಿಗೆ 640. ಆಗ ಖರೀದಿಯೇ ಕೈಗೂಡದು. ಆದ್ದರಿಂದ ಇಡೀ ಪ್ರಯತ್ನದ ಜೀವಾಳ ಖರೀದಿಯ ಬೆಲೆ ಮತ್ತು ಖರೀದಿಯ ಕಾಲ.

ಇದರಲ್ಲಿ ಒಂದು ನಿರ್ಬಂಧವಿದೆ. ಅದನ್ನು ಮೊದಲು ಕೇಳಿದವರಿಗೆ ಅದು ಅನ್ಯಾಯವಾಗಿ ಕಾಣಬಹುದು. ಸದಸ್ಯನು ಸಂಘಕ್ಕೆ ಕೊಡುವ ಪಾಲುಹಣ ಚಿಕ್ಕದು, ಬಡವನೂ ಕಂತಿನಲ್ಲಿ ಕೊಡಬಲ್ಲಷ್ಟು. ಅವನು ಬಿಟ್ಟುಹೋಗುವಾಗ ಮರಳಿ ಪಡೆಯುವುದೂ ಅಷ್ಟೇ ಮೊತ್ತ. ನೆಲದ ಬೆಲೆ ಮೂರು ಪಟ್ಟಾಗಿದ್ದರೂ ಆ ಹೆಚ್ಚಳದಲ್ಲಿ ಅವನಿಗೆ ಪಾಲಿಲ್ಲ. ಮನೆಯನ್ನು ಮಾತ್ರ ಅವನು ಸಿಕ್ಕಿದ ಬೆಲೆಗೆ ಮಾರಿಕೊಳ್ಳಬಹುದು. ಫ್ಲಾರಿಡಾ ಮೊದಲಾದ ಕಡೆ ನಿವೃತ್ತರ ಕೆಲವು ಬಡಾವಣೆಗಳು ಬೇರೆ ದಾರಿ ಹಿಡಿದವು. ಅಲ್ಲಿ ಪಾಲನ್ನು ಮಾರುಕಟ್ಟೆಯ ಬೆಲೆಗೆ ಮಾರಬಹುದು. ಮೊದಲು ಕೊಂಡವರಿಗೆ ಇದರಿಂದ ಲಾಭವಾಯಿತು. ಆದರೆ ಪಾಲಿನ ಬೆಲೆ ಹತ್ತಾರು ಸಾವಿರ ಡಾಲರ್‌ಗೆ ಏರಿದ ಮೇಲೆ ಅಲ್ಪ ಆದಾಯದ ಹೊಸ ಕುಟುಂಬಕ್ಕೆ ಬಾಗಿಲು ಮುಚ್ಚಿದಂತಾಯಿತು. ನ್ಯೂ ಹ್ಯಾಂಪ್‌ಷೈರ್‌ನವರು ಮೊದಲಿನಿಂದಲೂ ಈ ಲಾಭವನ್ನು ಬಿಟ್ಟುಕೊಟ್ಟರು. ತಮಗಿಂತ ಮುಂದೆ ಬರುವ, ಇನ್ನೂ ಮುಖ ಕಾಣದ ಕುಟುಂಬಕ್ಕಾಗಿ ಬಡವರೇ ತಮ್ಮ ಗಳಿಕೆಗೆ ಮಿತಿ ಹಾಕಿಕೊಂಡ ನಿದರ್ಶನವಿದು. ಶ್ರೀಮಂತರ ತ್ಯಾಗಕ್ಕೆ ಶಿಲಾಶಾಸನಗಳುಂಟು. ಇಂತಹ ಮಿತಿಯು ಸಂಘದ ಉಪವಿಧಿಗಳ ಪುಟದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ನೈತಿಕ ದೃಷ್ಟಿಯಿಂದ ಯಾವುದು ದೊಡ್ಡದೆಂಬುದು ವಿಚಾರಾರ್ಹ.

ಕಾನೂನಿನ ಬೆಂಬಲವಿಲ್ಲದೆ ಇದು ಕೆಲವೇ ಊರುಗಳಲ್ಲಿ ನಿಂತುಹೋಗುತ್ತಿತ್ತು. ಮಾರಾಟದ ಮಾತುಕತೆ ಗುಟ್ಟಾಗಿ ಮುಗಿದು, ಹೊಸ ಮಾಲೀಕನ ಬಾಡಿಗೆ ಚೀಟಿ ಬಂದಾಗಲೇ ನಿವಾಸಿಗಳಿಗೆ ವಿಷಯ ತಿಳಿಯುವುದು ವಾಡಿಕೆ. ನ್ಯೂ ಹ್ಯಾಂಪ್‌ಷೈರ್‌ನ ಕಾನೂನಿನ ಪ್ರಕಾರ ಬಡಾವಣೆಯನ್ನು ಮಾರುವವನು 60 ದಿನ ಮುಂಚಿತವಾಗಿ ನಿವಾಸಿಗಳಿಗೆ ಲಿಖಿತ ಸೂಚನೆ ಕೊಡಬೇಕು, ಅವರು ಮುಂದಿಡುವ ಬೆಲೆಯನ್ನು ಸದ್ಭಾವನೆಯಿಂದ ಪರಿಶೀಲಿಸಬೇಕು. ಅವರಿಗೇ ಮಾರಬೇಕೆಂಬ ಬಲವಂತವಿಲ್ಲ, ಬೆಲೆ ಇಳಿಸಬೇಕೆಂಬುದೂ ಇಲ್ಲ. ಕೇಳಿಸಿಕೊಳ್ಳಬೇಕು, ಅಷ್ಟೇ. ನಿಂತ ನೆಲ ಬಾಡಿಗೆಯದಾದರೂ ಇಂತಹ ಮನೆಯನ್ನು ಸ್ಥಿರಾಸ್ತಿಯೆಂದು ಆ ರಾಜ್ಯ ಒಪ್ಪಿದುದು ಮತ್ತೊಂದು ಅನುಕೂಲ. ಮ್ಯಾಸಚೂಸೆಟ್ಸ್, ವರ್ಮಾಂಟ್ ಮೊದಲಾದ ಕೆಲವು ರಾಜ್ಯಗಳಲ್ಲೂ ತರತರದ ನಿಯಮಗಳು ಬಂದವು. ಕೊಲೊರಾಡೊ 2020ರಲ್ಲಿ ನಿವಾಸಿಗಳಿಗೆ 90 ದಿನಗಳ ಅವಕಾಶ ಕೊಟ್ಟು, 2022ರಲ್ಲಿ ಅದನ್ನು 120 ದಿನಗಳಿಗೆ ವಿಸ್ತರಿಸಿತು. ಬಹುಪಾಲು ರಾಜ್ಯಗಳಲ್ಲಿ ಇಂತಹ ಅವಕಾಶವೇ ಇಲ್ಲ.

ಅರವತ್ತು ದಿನಗಳೆಂದರೆ ಕೇಳಲು ದೀರ್ಘ, ಮಾಡಲು ಅಲ್ಪ. ಅಷ್ಟರಲ್ಲಿ ಸಭೆ ಸೇರಬೇಕು, ಸಂಘ ನೋಂದಾಯಿಸಬೇಕು, ಬಹುಮತ ಪಡೆಯಬೇಕು, ನೆಲದ ಬೆಲೆ ಅಂದಾಜು ಮಾಡಿಸಬೇಕು, ಭೂಮಿಯೊಳಗಿನ ಕೊಳವೆಗಳ ಸ್ಥಿತಿ ತಿಳಿಯಬೇಕು, ಸಾಲದ ಭರವಸೆ ಪಡೆಯಬೇಕು. ಹಗಲೆಲ್ಲ ದುಡಿದು ಬಂದ ಕಾರ್ಮಿಕರು, ವೃದ್ಧರು, ಒಂಟಿ ತಾಯಂದಿರು ಇವನ್ನೆಲ್ಲ ಸಂಜೆಯ ಹೊತ್ತಿನಲ್ಲಿ ಮಾಡಬೇಕು. ಎದುರಿಗಿರುವ ಕಂಪನಿಯ ಬಳಿ ನಗದು ಸಿದ್ಧವಾಗಿರುತ್ತದೆ, ವಕೀಲರೂ ಇರುತ್ತಾರೆ. ಆದ್ದರಿಂದಲೇ ಸಾಲದ ಹಣಕ್ಕಿಂತಲೂ ಸಾಲನಿಧಿಯವರ ಅನುಭವ ಮುಖ್ಯವಾಯಿತು. ಹತ್ತು ಬಡಾವಣೆಗಳ ಖರೀದಿ ಮಾಡಿಸಿದವರಿಗೆ ಹನ್ನೊಂದನೆಯದರಲ್ಲಿ ಏನು ಕೆಡಬಹುದೆಂಬುದು ಗೊತ್ತಿರುತ್ತದೆ.

ಈ ಅನುಭವವನ್ನು ಉಳಿದ ರಾಜ್ಯಗಳಿಗೆ ಕೊಂಡೊಯ್ಯಲು 2008ರಲ್ಲಿ 'ರಾಕ್ ಯುಎಸ್‌ಎ' ಎಂಬ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ನ್ಯೂ ಹ್ಯಾಂಪ್‌ಷೈರ್ ನಿಧಿಯಲ್ಲಿ ಬಹುಕಾಲ ಈ ಕೆಲಸ ಮಾಡಿದ್ದ ಪಾಲ್ ಬ್ರ್ಯಾಡ್ಲಿ ಅದರ ಸ್ಥಾಪಕ ಅಧ್ಯಕ್ಷರು. ಫೋರ್ಡ್ ಪ್ರತಿಷ್ಠಾನವೂ ನೆರವು ನೀಡಿತು. 2023ರ ಹೊತ್ತಿಗೆ ಈ ಜಾಲದಲ್ಲಿ 300ಕ್ಕೂ ಹೆಚ್ಚು ಬಡಾವಣೆಗಳು, 20,000ಕ್ಕೂ ಹೆಚ್ಚು ಮನೆಗಳು ಸೇರಿದ್ದವು. ಅವುಗಳಲ್ಲಿ ನೂರಕ್ಕಿಂತ ಹೆಚ್ಚು ಬಡಾವಣೆಗಳು ನ್ಯೂ ಹ್ಯಾಂಪ್‌ಷೈರ್‌ನವೇ. ಆ ರಾಜ್ಯದ ವಿಶ್ವವಿದ್ಯಾನಿಲಯದ ಕಾರ್ಸಿ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವು ನಿವಾಸಿಗಳ ಒಡೆತನದ ಬಡಾವಣೆಗಳನ್ನು ಹೊರಗಿನ ಮಾಲೀಕರ ಬಡಾವಣೆಗಳೊಡನೆ ಹೋಲಿಸಿ ನೋಡಿತು. ಮೊದಲನೆಯವುಗಳಲ್ಲಿ ನೆಲಬಾಡಿಗೆ ಕಡಿಮೆ, ಮನೆಗಳಿಗೆ ಬರುವ ಬೆಲೆ ಹೆಚ್ಚು, ಮಾರಾಟ ಬೇಗ ಎಂದು ಅದು ಕಂಡಿತು. ಕಾಲ ಕೆಳಗಿನ ನೆಲ ಭದ್ರವಾದಾಗ ತಲೆಯ ಮೇಲಿನ ಛಾವಣಿಗೂ ಬೆಲೆ ಬಂದುದು ಲೆಕ್ಕ ಬಲ್ಲವರಿಗೆ ಅನಿರೀಕ್ಷಿತವಲ್ಲ. ಆದರೆ ಒಟ್ಟು ಬಡಾವಣೆಗಳು ಹತ್ತಾರು ಸಾವಿರವಿರುವ ದೇಶದಲ್ಲಿ 300 ಎಂಬುದು ಸಣ್ಣ ಸಂಖ್ಯೆ ಎಂಬುದನ್ನೂ ಮರೆಮಾಚಬಾರದು.

ಖರೀದಿಯ ಸಂಭ್ರಮ ಮುಗಿದ ಮೇಲಿನ ಬದುಕು ಸುಗಮವೆಂದು ತಿಳಿಯಬಾರದು. ಹಳೆಯ ಮಾಲೀಕರು ಮುಂದೂಡುತ್ತ ಬಂದ ದುರಸ್ತಿಗಳೆಲ್ಲ ಸಂಘದ ಹೆಗಲಿಗೆ ಬೀಳುತ್ತವೆ. ನೆಲದಡಿಯ ನೀರಿನ ಕೊಳವೆ, ಮಲಗುಂಡಿ, ವಿದ್ಯುತ್ ತಂತಿಗಳು ಹಲವೆಡೆ ಅರ್ಧ ಶತಮಾನದಷ್ಟು ಹಳೆಯವು. ಸಭೆಗೆ ಬರುವವರು ಕೆಲವರೇ, ದೂರುವವರು ಹಲವರು. ಇವೆಲ್ಲ ಸಹಕಾರ ಸಂಘಗಳನ್ನೂ ಬಸದಿಗಳ ಆಡಳಿತವನ್ನೂ ನಡೆಸಿದವರಿಗೆ ತಿಳಿದದ್ದೇ.

ಎಲ್ಲಕ್ಕಿಂತ ಕಠಿಣವಾದುದು ಬಾಕಿದಾರನ ಪ್ರಶ್ನೆ. ಹೊರಗಿನ ಮಾಲೀಕನಿದ್ದಾಗ ಬಾಡಿಗೆ ಕೊಡಲಾರದ ನೆರೆಯವನ ಪಕ್ಷವನ್ನು ಎಲ್ಲರೂ ವಹಿಸಬಹುದಿತ್ತು. ಈಗ ನೋಟೀಸಿಗೆ ಸಹಿ ಹಾಕಬೇಕಾದವನು ಪಕ್ಕದ ಮನೆಯವನು. ಒಬ್ಬನ ಬಾಕಿಯನ್ನು ಮನ್ನಾ ಮಾಡಿದರೆ ಅದರ ಭಾರ ಉಳಿದ ನಲವತ್ತೊಂಬತ್ತು ಮನೆಗಳ ಮೇಲೆ ಬೀಳುತ್ತದೆ, ಅವರಲ್ಲಿ ಅವನಿಗಿಂತ ಬಡವರೂ ಇರುತ್ತಾರೆ. ಮನ್ನಾ ಮಾಡದಿದ್ದರೆ ಹತ್ತು ವರ್ಷ ಜೊತೆಗೆ ಬಾಳಿದವನನ್ನು ನ್ಯಾಯಾಲಯಕ್ಕೆ ಎಳೆಯಬೇಕು. ಯಾರಿಗೂ ಕೇಡು ಬಗೆಯದೆ ಈ ಗಂಟನ್ನು ಬಿಡಿಸುವ ಸೂತ್ರ ಯಾವ ಉಪವಿಧಿಯಲ್ಲೂ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಮಾಡುವುದಿಷ್ಟೇ: ಮೊದಲ ತಿಂಗಳ ಬಾಕಿಯಲ್ಲಿಯೇ ಮಾತನಾಡುವುದು, ಕಂತಿನ ಏರ್ಪಾಡು ಬರೆಸಿಕೊಳ್ಳುವುದು, ಆಡಳಿತ ಮಂಡಳಿಯ ಸದಸ್ಯನಿಗೂ ಸಾಮಾನ್ಯ ಸದಸ್ಯನಿಗೂ ಒಂದೇ ನಿಯಮವನ್ನು ಅನ್ವಯಿಸುವುದು, ಲೆಕ್ಕವನ್ನು ಎಲ್ಲರಿಗೂ ತೆರೆದಿಡುವುದು. ಹೀಗೆ ಮಾಡಿದರೂ ಕೆಲವು ಕುಟುಂಬಗಳು ಮನೆ ಕಳೆದುಕೊಳ್ಳುತ್ತವೆ.

2023ರ ಆಯವ್ಯಯದಲ್ಲಿ ಅಮೆರಿಕದ ಸಂಸತ್ತು ಇಂತಹ ಬಡಾವಣೆಗಳ ಸಂರಕ್ಷಣೆಗಾಗಿ 22.5 ಕೋಟಿ ಡಾಲರ್ ಅನುದಾನವನ್ನು ಮೊದಲ ಬಾರಿಗೆ ತೆಗೆದಿರಿಸಿತು. ಹಳೆಯ ಕೊಳವೆಗಳ ದುರಸ್ತಿಗೂ ನಿವಾಸಿಗಳ ಖರೀದಿಗೂ ಅದರಲ್ಲಿ ಅವಕಾಶವಿದೆ. ಮೆರೆಡಿತ್‌ನ 13 ಮನೆಗಳ ನೆಲ ಸಂಘದ ಹೆಸರಿನಲ್ಲೇ ಉಳಿದಿದೆ.